ಪ್ಲಾನರ್ ಆಪ್, 25 ನಿಮಿಷದ ಟೈಮರ್, ರೂಲ್ಡ್ ನೋಟ್‌ಬುಕ್: ಒಂದು ಸೆಮಿಸ್ಟರ್ ಮೂರನ್ನೂ ಬಳಸಿ ನೋಡಿದ್ಮೇಲೆ

ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ನೋಟ್‌ಬುಕ್ಕಿಗೆ. ಒಂದು ವರ್ಷದ ಸಬ್‌ಸ್ಕ್ರಿಪ್ಶನ್ ಕಟ್ಟಿ ಪ್ಲಾನರ್ ಆಪ್ ತಗೊಂಡೆ, ಮೂರು ತಿಂಗಳಿಗೇ ಬಿಟ್ಟೆ, ಈಗ ಕೈಯಲ್ಲೇ ವಾರದ ಲೆಕ್ಕ ಬರ್ಕೋತಿದೀನಿ.

ಆಪ್ ನೋಡೋಕೆ ಚೆನ್ನಾಗೇ ಇತ್ತು, ಸಿಂಕು, ರಿಮೈಂಡರು ಎಲ್ಲ ಸರಿಯಾಗೇ ಬರ್ತಿತ್ತು. ತೊಂದ್ರೆ ಒಂದೇ. ಇವತ್ತು ಮುಗೀದೆ ಉಳಿದ ಕೆಲಸನ ಅದು ರಾತ್ರಿ ಹನ್ನೆರಡಾದ ತಕ್ಷಣ ತಾನೇ ನಾಳೆಗೆ ತಳ್ಳತ್ತೆ. ಕೇಳೋಕೆ ಅನುಕೂಲ ಅನ್ಸತ್ತೆ, ನಂಗೂ ಅನ್ಸಿತ್ತು. ಆದ್ರೆ ಸೋಮವಾರದ್ದು ಎರಡು ಮಂಗಳವಾರಕ್ಕೆ, ಮಂಗಳವಾರದ್ದು ಮೂರು ಬುಧವಾರಕ್ಕೆ ಅಂತ ಸೇರ್ತಾ ಸೇರ್ತಾ ಒಂದಿನ ಬೆಳಿಗ್ಗೆ ತೆಗೆದ್ರೆ 31 ಕೆಲಸ, ಅದ್ರಲ್ಲಿ 26 ಕೆಂಪು. ಹೈಲೈಟರ್ ತಗೋಬೇಕು ಅನ್ನೋದೂ ಕೆಂಪು, ಲ್ಯಾಬ್ ರೆಕಾರ್ಡ್ ಸಬ್ಮಿಟ್ ಮಾಡ್ಬೇಕು ಅನ್ನೋದೂ ಅದೇ ಕೆಂಪು. ಸ್ಕ್ರೀನಲ್ಲಿ ಒಂದ್ಸಲಕ್ಕೆ ಕಾಣೋದೇ ಎಂಟೋ ಒಂಬತ್ತೋ, ರೆಕಾರ್ಡ್ ಎಲ್ಲೋ ಕೆಳಗಿತ್ತು, ಅಲ್ಲಿವರೆಗೂ ಕಣ್ಣು ಹೋಗ್ಲೇ ಇಲ್ಲ. ರೆಕಾರ್ಡ್ ಎರಡು ದಿನ ಲೇಟಾಯ್ತು, ಮಾರ್ಕ್ಸ್ ಹೋಯ್ತು.

ಸೆಟ್ಟಿಂಗ್ಸ್ ಪೂರ್ತಿ ಜಾಲಾಡ್ದೆ, ಇದನ್ನ ಆಫ್ ಮಾಡೋ ಆಪ್ಶನ್ ಸಿಗ್ಲಿಲ್ಲ. ಕೆಲಸ ತಾನಾಗೇ ಮುಂದಕ್ಕೆ ಹೋದ್ರೆ ಇದು ಯಾಕೆ ಆಗ್ಲಿಲ್ಲ ಅಂತ ಯೋಚನೆ ಮಾಡೋ ಸಂದರ್ಭನೇ ಬರಲ್ಲ. ನೋಟ್‌ಬುಕ್ಕಲ್ಲಾದ್ರೆ ಉಳಿದಿದ್ದನ್ನ ಮತ್ತೆ ಕೈಯಾರೆ ಬರೀಬೇಕು, ಒಂದೇ ಸಾಲನ್ನ ಮೂರನೇ ಸಲ ಬರೆಯೋ ಹೊತ್ತಿಗೆ ಒಂದೋ ಕೂತು ಮುಗಿಸ್ತೀನಿ, ಇಲ್ಲಾಂದ್ರೆ ಇದು ಬೇಡವೇ ಬೇಡ ಅಂತ ಗೀಟೆಳೆದು ಬಿಡ್ತೀನಿ.

ಟೈಮರ್ ಅಂದ್ರೆ ಪೊಮೊಡೊರೊ, ಇಟಾಲಿಯನ್ನಲ್ಲಿ ಟೊಮೆಟೊ ಅಂತ. 1980ರ ದಶಕದ ಕೊನೇಲಿ ಫ್ರಾನ್ಸೆಸ್ಕೊ ಸಿರಿಲ್ಲೊ ತಾನೇ ಸ್ಟೂಡೆಂಟ್ ಆಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಕೊಂಡು ಶುರು ಮಾಡಿದ್ದು. 25 ನಿಮಿಷ ಓದು, 5 ನಿಮಿಷ ಬ್ರೇಕ್, ಅಂಥ ನಾಲ್ಕಾದ್ಮೇಲೆ ದೊಡ್ಡ ಬ್ರೇಕ್. ಪುಸ್ತಕ ತೆಗೆಯೋಕೇ ಮನಸ್ಸು ಬರ್ದೇ ಇದ್ದಾಗ ಇದಕ್ಕಿಂತ ಒಳ್ಳೇದು ಇಲ್ಲ, ಥಿಯರಿ ಓದೋಕಂತೂ ಸೂಪರ್. ಲೆಕ್ಕ ಮಾಡುವಾಗ ಮಾತ್ರ ಬೇಡ, ಇಂಟಿಗ್ರೇಶನ್ ಅರ್ಧಕ್ಕೆ ಬಂದಿರತ್ತೆ, ಅಷ್ಟರಲ್ಲಿ ಬೆಲ್ಲು. ಅದಕ್ಕೆ ನಾನು 50-10 ಇಟ್ಕೋತೀನಿ. ಮತ್ತೆ ಈ ವಾರ ಯಾವುದು ಮೊದಲು ಅಂತ ಟೈಮರ್ ಹೇಳಲ್ಲ.

ನೋಟ್‌ಬುಕ್ಕಲ್ಲಿ ಎರಡು ಪುಟಕ್ಕೆ ಒಂದು ವಾರ, ಏಳು ಕಾಲಮ್ಮು. ಮೊದಲು ಕ್ಲಾಸು, ಲ್ಯಾಬು, ಓಡಾಟದ ಟೈಮೆಲ್ಲ ಪೆನ್ಸಿಲ್ಲಲ್ಲಿ ತುಂಬಿಸ್ತೀನಿ, ಉಳಿದ ಜಾಗ ನೋಡಿದ್ರೆ ನಿಜವಾಗ್ಲೂ ಎಷ್ಟು ಟೈಮಿದೆ ಅಂತ ಕಣ್ಣಿಗೇ ಕಾಣತ್ತೆ. ಪ್ರತಿ ಕೆಲಸದ ಪಕ್ಕ ಅಂದಾಜು ಎಷ್ಟು ಗಂಟೆ, ಮುಗಿದ್ಮೇಲೆ ಆಗಿದ್ದೆಷ್ಟು ಅಂತ ಎರಡು ಅಂಕಿ ಬರೀತೀನಿ. ನಾಲ್ಕು ವಾರ ಆದ್ಮೇಲೆ ನೋಡಿದ್ರೆ 2 ಅಂದ್ಕೊಂಡಿದ್ದೆಲ್ಲ 3 ಆಗಿತ್ತು. ಇದು ನನ್ನೊಬ್ಬನ ಕಥೆ ಅಲ್ಲ, 1994ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಥೀಸಿಸ್ ಬರೀತಿದ್ದ ಸ್ಟೂಡೆಂಟ್ಸು ಸರಾಸರಿ 34 ದಿನ ಸಾಕು ಅಂದಿದ್ರು, ಹಿಡಿದಿದ್ದು 55ರ ಮೇಲೆ. ಈಗ ನಾನು ಅಂದಾಜಿಗೆ ಅದರ ಅರ್ಧ ಸೇರಿಸ್ಕೊಂಡೇ ಬರೀತೀನಿ, ಶನಿವಾರ ಸಂಜೆ ಖಾಲಿ ಬಿಡ್ತೀನಿ. ಇಷ್ಟಕ್ಕೇ ರಾತ್ರಿ ನಿದ್ದೆಗೆಡೋದು ತುಂಬಾ ಕಮ್ಮಿ ಆಗಿದೆ.

ನೋಟ್‌ಬುಕ್ ಕೂಗಿ ಎಬ್ಬಿಸಲ್ಲ, ಎಕ್ಸಾಮ್ ದಿನಕ್ಕೆ ಫೋನಲ್ಲಿ ಅಲಾರಾಂ ಬೇಕೇ ಬೇಕು. ಗ್ರೂಪ್ ಪ್ರಾಜೆಕ್ಟಿಗೆ ಫೋನಲ್ಲಿ ಮೊದಲೇ ಇರೋ ಫ್ರೀ ಕ್ಯಾಲೆಂಡರ್ ಶೇರ್ ಮಾಡ್ಕೊಂಡ್ರೆ ಸಾಕು.

ಬರೆಯೋ ಅಭ್ಯಾಸ ಇದ್ದು ಕೈಯಲ್ಲಿ ದುಡ್ಡು ಕಮ್ಮಿ ಇರೋರು ನೋಟ್‌ಬುಕ್ ಜೊತೆ ಟೈಮರ್ ಇಟ್ಕೊಳ್ಳಿ. ಆಪೇ ಬೇಕು ಅನ್ನೋರು ಫ್ರೀ ಟ್ರಯಲ್‌ನಲ್ಲೇ ಒಂದು ಕೆಲಸ ಬೇಕಂತ್ಲೇ ಮುಗಿಸ್ದೆ ಬಿಡಿ, ಮಾರನೇ ದಿನ ಅದು ಎಲ್ಲಿ ಹೋಗಿ ಕೂತಿದೆ ಅಂತ ನೋಡಿ, ಆಮೇಲೆ ದುಡ್ಡು ಕಟ್ಟಿ.