ಬಾರಿಯಲ್ಲಿ ಐದು ದಿನ, ಸಲೆರ್ನೊದಲ್ಲಿ ಐದು ದಿನ

ಅಮ್ಮನಿಗೆ 68 ವರ್ಷ, ಮಂಡಿ ನೋವು ಬೇರೆ. ದಿನಕ್ಕೊಂದು ಹೋಟೆಲ್ ಬದಲಿಸಿ ಸೂಟ್‌ಕೇಸ್ ಎಳೆದಾಡುವುದು ಆಗದ ಮಾತು. ಹಾಗಾಗಿ ದಕ್ಷಿಣ ಇಟಲಿಯಲ್ಲಿ ಒಂದು ಊರಲ್ಲಿ ಬ್ಯಾಗ್ ಇಟ್ಟು, ರೈಲು, ಬಸ್ಸು, ಬೋಟಿನಲ್ಲೇ ಸುತ್ತಿ, ರಾತ್ರಿಗೆ ವಾಪಸ್ ಬರೋಣ ಎಂದುಕೊಂಡೆವು. ಯಾವ ಊರು ಅನ್ನುವುದೇ ಬಗೆಹರಿಯಲಿಲ್ಲ. ಕೊನೆಗೆ ಪೂರ್ವ ಕರಾವಳಿಯ ಬಾರಿಯಲ್ಲಿ ಐದು ದಿನ, ಪಶ್ಚಿಮ ಕರಾವಳಿಯ ಸಲೆರ್ನೊದಲ್ಲಿ ಐದು ದಿನ ಇದ್ದು ನೋಡಿದೆವು. ಸೆಪ್ಟೆಂಬರ್ ಕೊನೆ, ಬಿಸಿಲು ಹದವಾಗಿತ್ತು.

ನೇಪಲ್ಸ್ ಯಾಕೆ ಬೇಡ ಅಂತ ಕೇಳಬಹುದು. ನೋಡಲೇಬೇಕಾದ ಊರು ಅದು. ಆದರೆ ಸಲೆರ್ನೊದಿಂದ ರೈಲಿನಲ್ಲಿ ಸುಮಾರು 40 ನಿಮಿಷ ಅಷ್ಟೇ. ಹಗಲು ಅಲ್ಲಿ ಸುತ್ತಿ, ರಾತ್ರಿ ಸದ್ದಿಲ್ಲದ ಊರಿಗೆ ಬಂದು ಮಲಗುವುದು ನಮಗೆ ಹಿತವಾಯಿತು.

ಮೊದಲು ಬಾರಿ. ಊರು ಸಮತಟ್ಟು, ನಡೆಯಲು ಸುಲಭ. ಸಮುದ್ರದ ಪಕ್ಕದ ರೈಲು ದಾರಿ ಇಲ್ಲಿನ ದೊಡ್ಡ ಅನುಕೂಲ. ಬಂಡೆಯ ಮೇಲೆ ಕೂತ ಪೊಲಿಗ್ನಾನೊ ಅರ್ಧ ಗಂಟೆ, ಅದರ ಮುಂದೆ ಮೊನೊಪೊಲಿ, ಇನ್ನೂ ಮುಂದೆ ಓಸ್ತುನಿ, ಲೆಚ್ಚೆ. ಎಲ್ಲಾ ಒಂದೇ ಸಾಲಿನಲ್ಲಿ. ಮನಸ್ಸಾದ ಕಡೆ ಇಳಿ, ಮುಂದಿನ ರೈಲು ಹತ್ತು. ಒಳನಾಡಿನ ಕಥೆ ಬೇರೆ. ಗವಿಮನೆಗಳ ಊರಾದ ಮಟೇರಾಕ್ಕೆ ಹೋಗುವ ಚಿಕ್ಕ ರೈಲು ದೊಡ್ಡ ಸ್ಟೇಷನ್ನಿನಿಂದ ಹೊರಡುವುದಿಲ್ಲ. ಅದಕ್ಕೆ ಅದೇ ಚೌಕದಲ್ಲಿ ಬೇರೆ ಕಟ್ಟಡ, ಬೇರೆ ಟಿಕೆಟ್. ಕೆಲವು ರೈಲಿಗೆ ಅಲ್ತಮುರಾದಲ್ಲಿ ಬದಲಿಸಬೇಕು. ಶಂಕುವಿನಾಕಾರದ ಕಲ್ಲಿನ ಚಾವಣಿಯ ಮನೆಗಳಿರುವ ಅಲ್ಬೆರೊಬೆಲ್ಲೊಗೆ ಮತ್ತೊಂದು ಕಂಪನಿಯ ರೈಲು. ಭಾನುವಾರ, ಹಬ್ಬದ ದಿನಗಳಲ್ಲಿ ಈ ಒಳನಾಡಿನ ದಾರಿಗಳಲ್ಲಿ ರೈಲು ಕಡಿಮೆ, ಕೆಲವು ಕಡೆ ರೈಲಿನ ಬದಲು ಬಸ್ಸು. ಇದನ್ನು ನೋಡಿಕೊಳ್ಳದೆ ನಾವು ಒಂದು ಭಾನುವಾರ ಬೆಳಿಗ್ಗೆ ಪೂರ್ತಿ ಕಳೆದುಕೊಂಡೆವು. ಅಮ್ಮ ಬೆಂಚಿನ ಮೇಲೆ ಕೂತೇ ಸುಸ್ತಾದಳು. ಒಳನಾಡನ್ನು ವಾರದ ದಿನಕ್ಕೆ ಇಟ್ಟುಕೊಳ್ಳಿ, ಭಾನುವಾರ ಕರಾವಳಿಗೆ ಹೋಗಿ.

ಆದರೂ ಮಟೇರಾ ಬಿಡಬೇಡಿ. ಬೆಟ್ಟ ಕೊರೆದು ಮಾಡಿದ ಗವಿಮನೆಗಳು, ಒಂದರ ಚಾವಣಿಯೇ ಇನ್ನೊಂದರ ಅಂಗಳ. 1950ರ ದಶಕದಲ್ಲಿ ಇಲ್ಲಿನ ಬಡ ಜನರನ್ನು ಸರ್ಕಾರ ಹೊಸ ಬಡಾವಣೆಗಳಿಗೆ ಕಳಿಸಿತು. 1993ರಲ್ಲಿ ಅದೇ ಗವಿಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಕೆಳಗೆ ಇಳಿಯಲು ಮೆಟ್ಟಿಲು ಜಾಸ್ತಿ. ಅಮ್ಮ ಮೇಲಿನ ಕಟ್ಟೆಯಲ್ಲೇ ಕೂತು ಒಂದು ಗಂಟೆ ನೋಡಿದಳು. ಅಲ್ಲಿಂದಲೇ ಇಡೀ ಊರು ಕಾಣುತ್ತದೆ.

ಸಲೆರ್ನೊದಲ್ಲಿ ಎಲ್ಲಾ ಕಾಲ್ನಡಿಗೆಯಲ್ಲಿ ಸಿಗುತ್ತದೆ. ಸ್ಟೇಷನ್ನಿನಿಂದ ಐದಾರು ನಿಮಿಷ ನಡೆದರೆ ಬೋಟ್ ಹತ್ತುವ ಜಾಗ. ಕಡಿದಾದ ಕರಾವಳಿಯ ಊರು ಅಮಾಲ್ಫಿಗೆ ಬಸ್ಸಿನಲ್ಲಿ ಒಂದು ಗಂಟೆಗೂ ಜಾಸ್ತಿ, ಬೋಟಿನಲ್ಲಿ ಸುಮಾರು 35 ನಿಮಿಷ. ತಿರುವುಗಳಲ್ಲಿ ಹೊಟ್ಟೆ ತೊಳಸುವವರಿಗೆ ಬೋಟೇ ಸರಿ. ಬೋಟು ಬೇಸಿಗೆಯ ಕಾಲದಲ್ಲಿ ಮಾತ್ರ, ಸುಮಾರಾಗಿ ಏಪ್ರಿಲ್‌ನಿಂದ ಅಕ್ಟೋಬರ್. ಅಲೆ ಜೋರಾದರೆ ಅದೂ ಇಲ್ಲ. ನಮಗೂ ಒಂದು ದಿನ ಹಾಗಾಯಿತು, ಬಸ್ಸಿನಲ್ಲಿ ಹೋದೆವು. ಹೋಗುವಾಗ ಎಡಗಡೆ ಕೂತರೆ ಸಮುದ್ರ ಕಾಣುತ್ತದೆ. ಬಸ್ ಟಿಕೆಟ್ಟನ್ನು ಮೊದಲೇ ತಬಾಕ್ಕಿ, ಅಂದರೆ ಬೀಡಿ-ಸಿಗರೇಟಿನ ಅಂಗಡಿಯಲ್ಲಿ ಕೊಂಡುಕೊಳ್ಳಿ. ಎರಡೂ ಊರಿಗೆ ಅನ್ವಯಿಸುವ ಮಾತೊಂದು: ಲೋಕಲ್ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಮಷೀನಿನಲ್ಲಿ ಮುದ್ರೆ ಹಾಕಿಸಿ. ಇಲ್ಲದಿದ್ದರೆ ದಂಡ ಬೀಳಬಹುದು.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ಊರು ಪೊಂಪೇಯಿ, ನೇಪಲ್ಸ್ ಎರಡೂ ಇಲ್ಲಿಂದ ಹತ್ತಿರ. ಬಾರಿಯಿಂದ ಇವನ್ನು ಒಂದೇ ದಿನದಲ್ಲಿ ನೋಡಿ ಬರುವ ಆಸೆ ಬಿಡಿ, ಹೋಗಿಬರುವುದರಲ್ಲೇ ದಿನ ಮುಗಿಯುತ್ತದೆ. ನನ್ನ ಮನಸ್ಸು ಗೆದ್ದಿದ್ದು ಮಾತ್ರ ಪೆಸ್ತುಮ್. ರೈಲಿನಲ್ಲಿ ಸುಮಾರು ಅರ್ಧ ಗಂಟೆ, ಇಳಿದು ನಡೆದರೆ ಬಯಲಲ್ಲಿ ಮೂರು ಗ್ರೀಕ್ ಗುಡಿಗಳು. ಹಳೆಯದು ಕ್ರಿ.ಪೂ. 550ರ ಸುಮಾರಿನದು. ಹಂಪಿಯ ಹಾಗೆ ಇಲ್ಲಿಯೂ ಕಲ್ಲಿನ ಕಂಬಗಳ ನಡುವೆ ಗಾಳಿ ಬಿಟ್ಟರೆ ಸದ್ದಿಲ್ಲ. ಜನ ಪೊಂಪೇಯಿಗಿಂತ ಎಷ್ಟೋ ಕಡಿಮೆ.

ಊಟದಲ್ಲಿ ಬಾರಿ ಮುಂದು, ಅದರಲ್ಲೂ ಸಸ್ಯಾಹಾರಿಗಳಿಗೆ. ಒಣ ಅವರೆಯಂಥ ಕಾಳನ್ನು ಬೇಯಿಸಿ ಮಸೆದು, ಕಹಿ ಸೊಪ್ಪಿನ ಜೊತೆ ಕೊಡುವ ಫಾವೆ ಎ ಚಿಕೋರಿಯ ಅಮ್ಮನಿಗೆ ಮನೆಯೂಟದಂತೆ ಅನಿಸಿತು. ಟೊಮೇಟೊ ಹಾಕಿದ ಫೊಕಾಚ್ಚ ಎಂಬ ದಪ್ಪ ರೊಟ್ಟಿ ರೈಲಿಗೆ ಕಟ್ಟಿಕೊಂಡು ಹೋಗಲು ಚೆನ್ನ. ಸೊಪ್ಪು ಹಾಕಿದ ಒರೆಕ್ಕಿಯೆತ್ತೆ ಎಂಬ ಪುಟ್ಟ ಕಿವಿಯಾಕಾರದ ಪಾಸ್ತಾದಲ್ಲಿ ಮಾತ್ರ ಸಣ್ಣ ಮೀನು ಹಾಕುವುದುಂಟು, ಕೇಳಿ ತಿನ್ನಿ. ಪೆಸ್ತುಮ್ ಸುತ್ತಿನ ಎಮ್ಮೆ ಹಾಲಿನ ಮೊಜರೆಲ್ಲಾ ಬೆಣ್ಣೆಯಂತಿರುತ್ತದೆ, ಆದರೆ ಅದಕ್ಕೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕಟ್ಟುನಿಟ್ಟಿನವರಿಗೆ ಗೊತ್ತಿರಲಿ.

ಒಂದೇ ಊರು ಆರಿಸಬೇಕಾದರೆ, ಅದೂ ಮೊದಲ ಸಲ ಹೋಗುವವರಿಗೆ, ನಾನು ಸಲೆರ್ನೊ ಅನ್ನುತ್ತೇನೆ. ಅಮ್ಮ ಒಪ್ಪುವುದಿಲ್ಲ. ಬಾರಿಯ ಹಳೇ ಪೇಟೆಯ ಗಲ್ಲಿಯಲ್ಲಿ ಹೆಂಗಸರು ಮನೆ ಮುಂದೆ ಮೇಜು ಹಾಕಿ, ಬರೀ ರವೆ, ನೀರು ಕಲಸಿ, ಹಿಟ್ಟನ್ನು ಹೆಬ್ಬೆರಳಲ್ಲಿ ಒತ್ತಿ ಅದೇ ಪುಟ್ಟ ಕಿವಿಯಂಥ ಪಾಸ್ತಾ ಮಾಡುತ್ತಿದ್ದರು. ಅಮ್ಮ ಭಾಷೆ ಗೊತ್ತಿಲ್ಲದೆಯೇ ಅವರ ಪಕ್ಕ ಕೂತು ಹತ್ತಿಪ್ಪತ್ತು ಒತ್ತಿದಳು. ಅವಳಿಗೆ ಮತ್ತೆ ಹೋಗಬೇಕಿರುವುದು ಅಲ್ಲಿಗೇ.