ಸೀರೆ ಅಂಗಡಿ, ಕಾಲ್ ಸೆಂಟರ್, ವಾಲ್ವ್ ಫ್ಯಾಕ್ಟರಿ: ಹುಬ್ಬಳ್ಳಿಯ ಮೂರು ಕೆಲಸ, ನಾನು ಕಂಡ ಹಾಗೆ

ನಮ್ಮ ಓಣಿಯ ಹುಡುಗಿಯೊಬ್ಬಳು ಹೋದ ವಾರ ಬಂದು ಕೇಳಿದಳು. "ಅಕ್ಕಾ, ಪಿಯುಸಿ ಮುಗದೈತಿ. ಯಾವ ಕೆಲಸಕ್ಕ ಹೋಗ್ಲಿ?" ಹಳೇ ಹುಬ್ಬಳ್ಳಿಯಲ್ಲಿ ನಮ್ಮಂಥ ಮನೆಯ ಹೆಣ್ಣುಮಕ್ಕಳಿಗೆ ಕೈಗೆ ಸಿಗುವ ದಾರಿ ಮೂರು. ಬಟ್ಟೆ ಅಂಗಡಿ, ಕಾಲ್ ಸೆಂಟರ್, ಫ್ಯಾಕ್ಟರಿ. ಮೂರರಲ್ಲೂ ನಾನು ದುಡಿದಿದ್ದೇನೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಪಗಾರ ಕೇಳುತ್ತಾರೆ. ನಾನು ಮೊದಲು ನೋಡುವುದು ಬೇರೆ. ಅಲ್ಲಿ ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಯಾರನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ? ಸಂದರ್ಶನದ ಮೊದಲ ಪ್ರಶ್ನೆಯಲ್ಲೇ ಅದು ಗೊತ್ತಾಗಿಬಿಡುತ್ತದೆ.

ಸೀರೆ ಅಂಗಡಿಗೆ ಹೋಗಿದ್ದು 2016ರಲ್ಲಿ. ಪರಿಚಯದವರು ಹೇಳಿ ಕಳಿಸಿದ್ದರು. ಗಲ್ಲಾದ ಮೇಲೆ ಕೂತಿದ್ದ ಹಿರಿಯರು ಕೇಳಿದ ಮೊದಲ ಪ್ರಶ್ನೆ, "ನೀವು ಯಾವ ಮಂದಿ?" ನಾನು ಹೇಳಿದೆ. ಅವರು ತಲೆ ಆಡಿಸಿದರು. ನನ್ನ ಜೊತೆ ಬಂದಿದ್ದ ಗೆಳತಿ ಬರೀ ಹೆಸರು ಹೇಳಿದಳು, ಅಷ್ಟಕ್ಕೇ "ಆಮ್ಯಾಲೆ ಫೋನ್ ಮಾಡ್ತೀವಿ" ಅಂದರು. ಫೋನ್ ಬರಲೇ ಇಲ್ಲ. ಲೆಕ್ಕದಲ್ಲಿ ಅವಳು ನನಗಿಂತ ಚುರುಕು. ಆವತ್ತು ಇಬ್ಬರೂ ಏನೂ ಮಾತಾಡದೆ ಬಸ್ ಹತ್ತಿದ್ದು ಇನ್ನೂ ನೆನಪಿದೆ. ಮರುದಿನದಿಂದ ನಾನು ಕೆಲಸಕ್ಕೆ ಹೋದೆ. ಮನೆಯಲ್ಲಿ ದುಡ್ಡು ಬೇಕಿತ್ತು.

ಅಂಗಡಿಯಲ್ಲಿ ಕಲಿತಿದ್ದು ಬಹಳ. ಇಳಕಲ್ ಸೀರೆಯ ಟೋಪ್ ತೆನಿ ಸೆರಗನ್ನು ಒಂದೇ ಸಲಕ್ಕೆ ಹರವಿ ತೋರಿಸೋದು, ಗಿರಾಕಿಯ ಕಣ್ಣು ಯಾವ ಬಣ್ಣದ ಮೇಲೆ ನಿಂತಿತು ಅಂತ ಗಮನಿಸೋದು. ಆದರೆ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು. ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿಲ್ಲ. ಅಂಗಡಿಯಲ್ಲಿ ದುಡಿಯುವವರಿಗೆ ಕೂರಲು ಜಾಗ ಕೊಡಲೇಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಂದವು. ಆ ಸುದ್ದಿ ಓದಿದಾಗ ನನ್ನ ಮೊಣಕಾಲು ನೆನಪಾಯಿತು. ಪಗಾರ ಕೈಗೆ ನೋಟಿನಲ್ಲಿ ಕೊಡುತ್ತಿದ್ದರು. ಚೀಟಿ ಇಲ್ಲ, ಪಿಎಫ್ ಇಲ್ಲ. ಮಾರುವವರೆಲ್ಲ ಹೆಂಗಸರು, ಗಲ್ಲಾದ ಹತ್ತಿರ ಮಾತ್ರ ಒಬ್ಬ ಹೆಂಗಸೂ ಇಲ್ಲ.

ಕಾಲ್ ಸೆಂಟರ್‌ಗೆ ಸೇರಿದ್ದು 2018ರಲ್ಲಿ. ಅಲ್ಲಿ ಜಾತಿ ಕೇಳಲಿಲ್ಲ, ಮದುವೆ ಕೇಳಲಿಲ್ಲ. ಕಂಪ್ಯೂಟರ್ ಮುಂದೆ ಕೂರಿಸಿ ಟೈಪ್ ಮಾಡಿಸಿದರು, ಒಂದು ಪುಟ ಓದಿಸಿದರು. ಅಷ್ಟೇ. ಗದಗ, ಹಾವೇರಿ, ನವಲಗುಂದ, ಕುಂದಗೋಳದಿಂದ ಬಂದವರು ಒಂದೇ ಸಾಲಿನಲ್ಲಿ ಕೂತಿದ್ದೆವು. ಹುಡುಗಿಯರು ಹುಡುಗರಷ್ಟೇ ಇದ್ದರು. ರಾತ್ರಿ ಪಾಳಿ ಇದ್ದರೆ ಮನೆ ಬಾಗಿಲಿಗೆ ಗಾಡಿ. ಮೊದಲ ತಿಂಗಳು ನನಗೆ ಅದು ಸ್ವರ್ಗ ಅನ್ನಿಸಿತು, ಸುಳ್ಳು ಹೇಳಲ್ಲ.

ಅಲ್ಲಿ ಜರಡಿ ಹಿಡಿಯುತ್ತಿದ್ದುದು ಮಾತಿನಲ್ಲಿ. ನಾನಿದ್ದದ್ದು ಕನ್ನಡದ ಕರೆಗಳ ವಿಭಾಗ. "ಹೌದ್ರಿ" ಅಂದರೆ ಅಂಕ ಕಡಿಮೆ, "ಹೌದು ಸರ್" ಅನ್ನಬೇಕು. "ಹೇಳ್ರೀ" ಅನ್ನುವ ಹಾಗಿಲ್ಲ. ಸಿಂಧನೂರಿನಿಂದ, ಜಮಖಂಡಿಯಿಂದ ಕರೆ ಮಾಡಿದ ರೈತರ ಹತ್ತಿರ ನಾನು ಬೆಂಗಳೂರಿನ ಕನ್ನಡ ಮಾತಾಡಬೇಕು. ಒಂದು ಸಲ ಬಾಯಿ ತಪ್ಪಿ "ಏನಾತ್ರೀ ಯಜಮಾನ್ರ?" ಅಂದುಬಿಟ್ಟೆ. ಆ ಕಡೆಯವರ ದನಿಯೇ ಬದಲಾಯಿತು. ಮೂರು ನಿಮಿಷದಲ್ಲಿ ಸಮಸ್ಯೆ ಬಗೆಹರಿಯಿತು. ಆ ಕರೆಗೂ ಅಂಕ ಕಡಿದರು. ಇಂಗ್ಲಿಷ್ ಚೆನ್ನಾಗಿ ಬಂದವರು ಮೇಲೆ ಹೋದರು, ಕನ್ನಡ ಶಾಲೆಯಲ್ಲಿ ಓದಿದ ನಾವು ಕೂತಲ್ಲೇ ಕೂತೆವು. ನಮ್ಮ ಮಹಡಿಯಲ್ಲಿ ಟೀಂ ಲೀಡರ್‌ಗಳೆಲ್ಲ ಗಂಡಸರೇ. 2020ರ ಲಾಕ್‌ಡೌನ್‌ನಲ್ಲಿ ಒಂದು ಮೆಸೇಜ್ ಬಂತು. ಕೆಲಸ ಮುಗಿಯಿತು.

ವಾಲ್ವ್ ಫ್ಯಾಕ್ಟರಿಗೆ ಬಂದಿದ್ದು 2021ರಲ್ಲಿ. ಹುಬ್ಬಳ್ಳಿ ಅಂದರೆ ಹೊರಗಿನವರಿಗೆ ರೈಲ್ವೆ ನೆನಪಾಗುತ್ತದೆ, ಆದರೆ ಗೋಕುಲ ರೋಡ್, ತಾರಿಹಾಳ ಕಡೆ ತಯಾರಾಗುವ ಇಂಡಸ್ಟ್ರಿಯಲ್ ವಾಲ್ವ್‌ಗಳೂ, ಅಂದರೆ ಪೈಪಿನಲ್ಲಿ ಹರಿಯುವುದನ್ನು ಬಿಡುವ, ತಡೆಯುವ ನಲ್ಲಿಯಂಥವೂ, ಈ ಊರಿನ ದೊಡ್ಡ ಗುರುತು. ಪಕ್ಕದ ಮನೆಯ ಟರ್ನರ್ ಕಾಕಾ, ಇನ್‌ಸ್ಪೆಕ್ಷನ್‌ಗೆ ಒಬ್ಬರು ಬೇಕಂತೆ ಅಂದರು. ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ, "ವರ್ನಿಯರ್ ನೋಡೀರೇನು?" ಬಹಳ ಸಣ್ಣ ಅಳತೆಯನ್ನೂ ತೆಗೆಯುವ ಸಾಧನ ಅದು. ಇಲ್ಲ ಅಂದೆ. ಅವರು ಟೇಬಲ್ ಮೇಲಿದ್ದ ಒಂದು ಬುಷ್, ಅಂದರೆ ಕೊಳವೆಯಂಥ ಸಣ್ಣ ಬಿಡಿಭಾಗ, ಕೊಟ್ಟು, ಹತ್ತು ನಿಮಿಷ ಓದುವುದು ಹೇಗೆ ಅಂತ ತೋರಿಸಿದರು. ಆಮೇಲೆ ಬೇರೆ ಬುಷ್ ಕೊಟ್ಟು, "ಈಗ ಹೇಳ್ರಿ" ಅಂದರು. 0.02 ಮಿಲಿಮೀಟರ್ ಲೆಕ್ಕದಲ್ಲಿ ಸರಿಯಾಗಿ ಹೇಳಿದೆ. ಕೆಲಸ ಸಿಕ್ಕಿತು. ಗೊತ್ತಿಲ್ಲದ್ದನ್ನು ಕಲಿಸಿ ಆಮೇಲೆ ಪರೀಕ್ಷೆ ಮಾಡಿದ ಸಂದರ್ಶನ ನನ್ನ ಜೀವನದಲ್ಲಿ ಅದೊಂದೇ.

ಹೈಡ್ರೋ ಟೆಸ್ಟ್ ಅಂದರೆ ನನಗೆ ಇವತ್ತಿಗೂ ಇಷ್ಟ. ವಾಲ್ವ್‌ನಲ್ಲಿ ನೀರು ತುಂಬಿ, ಅದು ತಡೆಯಬೇಕಾದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಡುತ್ತೇವೆ. ಮೈಯನ್ನು ಬಟ್ಟೆಯಲ್ಲಿ ಒಣಗಿಸಿ ಕಾಯುತ್ತೇವೆ. ಗೇಜಿನ ಮುಳ್ಳು ಅಲುಗಬಾರದು. ಎರಕದಲ್ಲಿ ಕಣ್ಣಿಗೆ ಕಾಣದ ರಂಧ್ರ ಇದ್ದರೆ ಅಲ್ಲಿ ಕಬ್ಬಿಣ ಬೆವರಿದ ಹಾಗೆ ಸಣ್ಣ ಹನಿ ಮೂಡುತ್ತದೆ. ಬೆರಳು ಆಡಿಸಿದರೆ ತಣ್ಣಗೆ ಸಿಗುತ್ತದೆ. ನಾನು ಬೇಡ ಅಂದರೆ ಆ ವಾಲ್ವ್ ಗೇಟ್ ದಾಟಲ್ಲ. ಈ ಮಾತಿನ ತೂಕ ಸೀರೆ ಅಂಗಡಿಯಲ್ಲಿ ನನಗೆ ಯಾವತ್ತೂ ಇರಲಿಲ್ಲ.

ಆದರೆ ಮೊದಲ ಮೂರು ತಿಂಗಳು ಬಹಳ ಕಷ್ಟಪಟ್ಟೆ. ಮೂವತ್ತು ಗಂಡಸರ ನಡುವೆ ನಾನೊಬ್ಬಳೇ. ಮಷೀನ್ ಶಾಪ್‌ನಲ್ಲಿ, ಅಂದರೆ ಯಂತ್ರಗಳು ನಡೆಯುವ ಕಡೆ, ಹೆಂಗಸರಿಗೆ ಶೌಚಾಲಯವೇ ಇಲ್ಲ. ಆಫೀಸಿನದಕ್ಕೆ ಹೋಗಬೇಕು, ಅದರ ಕೀಲಿ ಮ್ಯಾನೇಜರ್ ಹತ್ತಿರ. ಪ್ರತಿ ಸಲ ಎಲ್ಲರ ಮುಂದೆ ಕೀಲಿ ಕೇಳಬೇಕು. ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟೆ. ಉರಿಮೂತ್ರ ಬಂತು, ಎರಡು ದಿನ ರಜೆ ಹಾಕಿದೆ. ವಾಪಸ್ ಬಂದು, ಕಾರಣ ಇದೇ ಅಂತ ಮ್ಯಾನೇಜರ್‌ಗೆ ನೇರವಾಗಿ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದರು. ಮುಂದಿನ ತಿಂಗಳು ಟೆಸ್ಟ್ ಬೆಂಚಿನ ಹಿಂದೆ ಒಂದು ಶೌಚಾಲಯ ಕಟ್ಟಿಸಿದರು, ಒಳಗಿನಿಂದ ಹಾಕುವ ಚಿಲಕದ ಸಮೇತ. "ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಲ್ಲ" ಅಂತ ಇಷ್ಟು ವರ್ಷ ಎಲ್ಲರೂ ಹೇಳುತ್ತಿದ್ದರು. ಶೌಚಾಲಯ ಆದ ಎರಡು ವರ್ಷದಲ್ಲಿ ನಾವು ಏಳು ಜನ ಆದೆವು.

ಆ ಏಳರಲ್ಲಿ ಒಬ್ಬಳು ನನ್ನ ಗೆಳತಿ, ಫೋನ್ ಬರದೇ ಇದ್ದವಳು. ಇಬ್ಬರು ಬೇಕು ಅಂದಾಗ ನಾನೇ ಕರೆದುಕೊಂಡು ಹೋದೆ. ಈಗ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಮಷೀನ್, ನಡೆಸುತ್ತಾಳೆ. ಕಿವಿ ಕೇಳದ ಹುಡುಗನೊಬ್ಬ ಗ್ರೈಂಡಿಂಗ್‌ನಲ್ಲಿದ್ದಾನೆ. ಅವನಿಗಾಗಿ ಸೈರನ್ ಜೊತೆ ಕೆಂಪು ದೀಪ ಹಾಕಿದರು, ಖರ್ಚು ತೀರಾ ಕಡಿಮೆ. ಅಂಗವಿಕಲರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲಾತಿಯನ್ನು 2016ರ ಕಾಯ್ದೆ ಕೊಟ್ಟಿತು. ಖಾಸಗಿಯಲ್ಲಿ ಅಂಥ ಕಡ್ಡಾಯ ಇಲ್ಲ, ಹಾಗಾಗಿ ಅದು ಮಾಲೀಕರ ಮನಸ್ಸಿನ ಮೇಲೆ ನಿಂತಿದೆ.

ಫ್ಯಾಕ್ಟರಿಯಲ್ಲಿ ಎಲ್ಲ ಸರಿ ಇದೆ ಅಂತ ಹೇಳಲ್ಲ. ಶುರುವಿನ ಪಗಾರ ಕಾಲ್ ಸೆಂಟರ್‌ಗಿಂತ ಕಡಿಮೆಯೇ ಇತ್ತು. ಒಡಿಶಾ, ಬಿಹಾರದಿಂದ ಬಂದ ಹುಡುಗರು ಕಾಂಟ್ರಾಕ್ಟರ್ ಕೈಕೆಳಗೆ ಇದ್ದಾರೆ. ಭಾರ ಎತ್ತುವುದು ಅವರು, ಹೊತ್ತು ಮೀರಿ ನಿಲ್ಲುವುದು ಅವರು. ನನಗೆ ಸಿಗುವ ಪಗಾರದ ಚೀಟಿ ಅವರಿಗೆ ಸಿಗಲ್ಲ. ಇದು ತಪ್ಪು. ಮೀಟಿಂಗ್‌ನಲ್ಲಿ ಎರಡು ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ.

ನನ್ನ ಅವ್ವನ ಕೆಲಸವನ್ನೂ ಈ ಮೂರರ ಪಕ್ಕ ಇಡಬೇಕು. ಅವಳ ತವರು ಬ್ಯಾಡಗಿ. ಸೀಜನ್‌ನಲ್ಲಿ ಈಗಲೂ ಅಲ್ಲಿಗೆ ಹೋಗಿ ಮೆಣಸಿನಕಾಯಿ ತುಂಬು ಬಿಡಿಸುತ್ತಾಳೆ, ಅಂದರೆ ತೊಟ್ಟು ಮುರಿಯುವ ಕೆಲಸ. ಅಲ್ಲಿ ಯಾರೂ ಏನೂ ಕೇಳಲ್ಲ, ಯಾರು ಬಂದರೂ ಕೂರಿಸುತ್ತಾರೆ. ಕೂಲಿ ಕಿಲೋ ಲೆಕ್ಕ. ಸಂಜೆ ಬೆರಳು ಉರಿಯುತ್ತದೆ, ಮೊಮ್ಮಗುವಿನ ಮುಖ ಮುಟ್ಟುವ ಹಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಗುರುತು, ಅಂದರೆ ಆ ಊರಿನದೇ ಅನ್ನುವ ಅಧಿಕೃತ ಗುರುತು, ಸಿಕ್ಕಿತು. ಅವಳ ಕೈಯಲ್ಲಿ ಇವತ್ತಿಗೂ ಒಂದು ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡ್ ಇಲ್ಲ. ದೇಶದಲ್ಲಿ 15 ವರ್ಷ ತುಂಬಿದ ಹೆಂಗಸರ ಪೈಕಿ ದುಡಿಯುವವರು, ಕೆಲಸ ಹುಡುಕುವವರ ಪಾಲು 2017-18ರಲ್ಲಿ ಶೇ 23.3 ಇತ್ತು, 2023-24ರಲ್ಲಿ ಶೇ 41.7 ಆಯಿತು. ಆದರೆ ಆ ಏರಿಕೆಯಲ್ಲಿ ದೊಡ್ಡ ಪಾಲು ಹೊಲದ ಕೆಲಸ, ಸ್ವಂತ ದುಡಿಮೆಯದು. ಲೆಕ್ಕದಲ್ಲಿ ಬಂದರೂ ಚೀಟಿ ಇಲ್ಲದವರೇ ಜಾಸ್ತಿ.

ಹಾಗಾಗಿ ಆ ಹುಡುಗಿಗೆ ಫ್ಯಾಕ್ಟರಿ ಅಂತಲೇ ಹೇಳಿದೆ. ತುರ್ತಾಗಿ ದುಡ್ಡು ಬೇಕಿದ್ದರೆ, ಇಂಗ್ಲಿಷ್ ಚೆನ್ನಾಗಿದ್ದರೆ ಕಾಲ್ ಸೆಂಟರ್ ಕೆಟ್ಟದ್ದಲ್ಲ. ಆದರೆ ಐದು ವರ್ಷ ಬಿಟ್ಟು ಕೈಯಲ್ಲಿ ಒಂದು ವಿದ್ಯೆ ಇರಬೇಕು ಅಂದರೆ ಮಷೀನ್ ಶಾಪ್. ಹೋದ ದಿನವೇ ಮೂರು ವಿಷಯ ಕೇಳು ಅಂದೆ. ಹೆಂಗಸರ ಶೌಚಾಲಯ ಎಲ್ಲಿದೆ? ಇಎಸ್‌ಐ, ಪಿಎಫ್ ಯಾವ ತಿಂಗಳಿಂದ? ಹತ್ತು ಜನರಿದ್ದರೆ ದೂರು ಕೇಳಲು ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾನೂನು ಹೇಳುತ್ತದೆ, ಅದರಲ್ಲಿ ಯಾರಿದ್ದಾರೆ?

"ಇಷ್ಟ ಕೇಳಿದ್ರ ಸಿಟ್ಟ ಆಗೂದಿಲ್ಲೇನಕ್ಕಾ?" ಅಂದಳು. ಸಿಟ್ಟಾದರೆ ಅಲ್ಲಿಂದ ಎದ್ದು ಬಾ ಅಂದೆ. ಸೋಮವಾರ ನಮ್ಮಲ್ಲೇ ಸಂದರ್ಶನ ಇದೆ. ನನ್ನ ಹಳೆಯ ವರ್ನಿಯರನ್ನು ಮನೆಗೆ ತಂದಿದ್ದೇನೆ. ರಾತ್ರಿ ಊಟ ಆದ ಮೇಲೆ ಅವಳು ನಮ್ಮ ಕಟ್ಟೆಯ ಮೇಲೆ ಕೂತು ಬಳೆ, ಬೀಗದ ಕೈ, ರೂಪಾಯಿ ನಾಣ್ಯ, ಸಿಕ್ಕಿದ್ದನ್ನೆಲ್ಲ ಅಳೆಯುತ್ತಿದ್ದಾಳೆ.