ಗುತ್ತಿಗೆ ಕೆಲಸಕ್ಕೆ ಕೈಯಿಂದ ಹಣ ಹಾಕುವ ಮುನ್ನ

ಒಂದು ಕಂಪನಿಗೆ ಯಂತ್ರಗಳನ್ನು ಅಳವಡಿಸಿಕೊಡುವ ಕೆಲಸವನ್ನು ಗುತ್ತಿಗೆಯ ಮೇಲೆ ಮುಗಿಸಿಕೊಟ್ಟ ನನಗೆ ಶುಲ್ಕವೆಲ್ಲ ಸಂದಾಯವಾದರೂ, ಪ್ರಯಾಣ, ವಸತಿ ಮತ್ತು ತುರ್ತಾಗಿ ಕೊಂಡ ಬಿಡಿಭಾಗಗಳಿಗೆಂದು ಕೈಯಿಂದ ಹಾಕಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿಗೂ ಬಂದಿಲ್ಲ. ಕರಾರಿನಲ್ಲಿ ‘ಪೂರ್ವಾನುಮತಿ ಪಡೆದ ಸಮಂಜಸ ವೆಚ್ಚವನ್ನು ಮರುಪಾವತಿಸಲಾಗುವುದು’ ಎಂಬ ಒಂದೇ ಸಾಲಿತ್ತು. ಅನುಮತಿ ಕೇಳಿದಾಗ ಹೆಚ್ಚಾಗಿ ಯೋಜನೆಯ ಮುಖ್ಯಸ್ಥರು ಫೋನಿನಲ್ಲೇ ‘ತಗೊಳ್ಳಿ, ಆಮೇಲೆ ನೋಡೋಣ’ ಎನ್ನುತ್ತಿದ್ದರು. ಅವರು ಕೆಲಸ ಬಿಟ್ಟು ಹೋದ ಮೇಲೆ ಲೆಕ್ಕಪತ್ರ ವಿಭಾಗದವರು ಮೊದಲು ಕೇಳಿದ್ದೇ ಲಿಖಿತ ಅನುಮತಿಯನ್ನು.

ರಸೀದಿಗಳನ್ನಾದರೂ ತೋರಿಸೋಣವೆಂದು ಲಕೋಟೆ ತೆರೆದರೆ, ಬಿಸಿಗೆ ಅಕ್ಷರ ಮೂಡುವ ಆ ನುಣುಪು ಕಾಗದದ ಬಿಲ್ಲುಗಳಲ್ಲಿ ಹಲವು ಬೆಳ್ಳಗಾಗಿದ್ದವು. ಒಂದರಲ್ಲಿ ಮೊತ್ತದ ಕೊನೆಯ ಎರಡು ಅಂಕಿಗಳಷ್ಟೇ ಉಳಿದಿದ್ದವು. ಕೊಂಡ ದಿನವೇ ಫೋಟೊ ತೆಗೆದು ಇಮೇಲಿನಲ್ಲಿ ಕಳಿಸಿದ್ದರೆ ಅದೇ ದಿನಾಂಕಸಹಿತ ದಾಖಲೆಯಾಗುತ್ತಿತ್ತು.

ಮೊದಲು ಕಾರ್ಮಿಕ ಇಲಾಖೆಗೆ ದೂರು ಕೊಟ್ಟು ಎರಡು ತಿಂಗಳು ಕಳೆದುಕೊಂಡೆ. ನೌಕರರಿಗಾಗಿ ಇರುವ ಕಾನೂನು ಸ್ವತಂತ್ರ ಗುತ್ತಿಗೆದಾರರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ; ಕೆಲಸದ ವೆಚ್ಚವನ್ನು ಮಾಲೀಕರೇ ತುಂಬಿಕೊಡಬೇಕೆನ್ನುವ ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2802ನೇ ಕಲಮು ಕೂಡ ನೌಕರರಿಗಷ್ಟೇ ಮೀಸಲು. ಹೆಸರಿಗೆ ಮಾತ್ರ ಗುತ್ತಿಗೆದಾರರಾಗಿದ್ದು, ಕೆಲಸದ ವೇಳೆಯನ್ನೂ ವಿಧಾನವನ್ನೂ ಕಂಪನಿಯೇ ಹಿಡಿತದಲ್ಲಿಟ್ಟುಕೊಂಡಿದ್ದರೆ, ನಾವು ನೌಕರರೇ ಎಂದು ವಾದಿಸಲು ಹಲವು ದೇಶಗಳಲ್ಲಿ ಅವಕಾಶವಿದೆ. ನನ್ನದು ಹಾಗಿರಲಿಲ್ಲ, ಶುದ್ಧ ಕರಾರು ಉಲ್ಲಂಘನೆಯ ಸಿವಿಲ್ ವ್ಯಾಜ್ಯ. ಕರಾರಿನ ಕಲಮನ್ನೂ ಪ್ರತಿ ವೆಚ್ಚದ ದಿನಾಂಕ ಮತ್ತು ಮೊತ್ತವನ್ನೂ ನಮೂದಿಸಿ, ಗಡುವು ಕೊಟ್ಟು ಲೀಗಲ್ ನೋಟಿಸ್ ಕಳಿಸುವುದು ಮೊದಲ ಹೆಜ್ಜೆ. ಅದಕ್ಕೂ ಜಗ್ಗದಿದ್ದರೆ, ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದಲ್ಲಿ ಅದು, ಇಲ್ಲವಾದರೆ ಸಣ್ಣ ಮೊತ್ತದ ದಾವೆಗಳ ನ್ಯಾಯಾಲಯ ಅಥವಾ ಸಿವಿಲ್ ನ್ಯಾಯಾಲಯ.

ಕಾಲಮಿತಿಯ ವಿಷಯದಲ್ಲಂತೂ ಉದಾಸೀನ ಬೇಡ. ಇಂಥ ಬಾಕಿಗೆ ದಾವೆ ಹೂಡಲು ಭಾರತದಲ್ಲಿ 1963ರ ಕಾಯ್ದೆಯಂತೆ ಸಾಮಾನ್ಯವಾಗಿ 3 ವರ್ಷ, ಇಂಗ್ಲೆಂಡಿನಲ್ಲಿ 6 ವರ್ಷ. ‘ಪರಿಶೀಲನೆಯಲ್ಲಿದೆ’ ಎಂಬ ಇಮೇಲುಗಳು ಎಷ್ಟು ಬಂದರೂ ಗಡಿಯಾರ ನಿಲ್ಲುವುದಿಲ್ಲ. ಬಾಕಿಯನ್ನು ಅವರು ಸಹಿಯೊಂದಿಗೆ ಬರವಣಿಗೆಯಲ್ಲಿ ಒಪ್ಪಿಕೊಂಡರೆ, ಅದೂ ಅವಧಿ ಮುಗಿಯುವ ಮೊದಲೇ, ಭಾರತದಲ್ಲಿ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಇಷ್ಟೆಲ್ಲ ತಿಳಿಯುವಷ್ಟರಲ್ಲಿ ನಾನು ದೊಡ್ಡ ತಪ್ಪೊಂದನ್ನು ಮಾಡಿಯಾಗಿತ್ತು. ಶುಲ್ಕದ ಕೊನೆಯ ಕಂತಿನೊಂದಿಗೆ ಬಂದ ‘ಇನ್ನಾವ ಬಾಕಿಯೂ ಇಲ್ಲ’ ಎಂಬ ಪತ್ರಕ್ಕೆ, ವೆಚ್ಚದ ಹಣ ಬೇರೆಯದೆಂದು ಭಾವಿಸಿ, ಒಂದು ಮಾತೂ ಸೇರಿಸದೆ ಸಹಿ ಹಾಕಿದ್ದೆ. ನೋಟಿಸಿಗೆ ಬಂದ ಉತ್ತರದ ಜೊತೆ ಅದೇ ಪತ್ರದ ಪ್ರತಿ ಲಗತ್ತಾಗಿತ್ತು. ನನ್ನ ಮೊಬೈಲಿನಲ್ಲಿ ಒಪ್ಪಿಗೆಯ ಸಂದೇಶ ಉಳಿದಿದ್ದ ಕೆಲವು ಬಿಡಿಭಾಗಗಳ ಹಣವನ್ನಷ್ಟೇ ‘ಸೌಜನ್ಯಕ್ಕಾಗಿ’ ಎಂದು ಬರೆದು ಕೊಟ್ಟರು.